ದಾವಣಗೆರೆಯ ಒಂದು ಟ್ಯಾಲಿ-ಜಿಎಸ್‌ಟಿ ಕ್ಲಾಸು: 5ಕ್ಕೆ ಮೂರೂವರೆ ಸ್ಟಾರ್, ಯಾಕಂತ ಓದಿ

ಮೊದ್ಲೇ ಹೇಳ್ಬಿಡ್ತೀನಿ, ಕ್ಲಾಸಿನ ಹೆಸ್ರು ಹಾಕಲ್ಲ. ಹೊಗಳೋದೂ ಐತಿ ಬೈಯೋದೂ ಐತಿ, ಹೆಸ್ರು ಹಾಕಿದ್ರೆ ಬೈದಿದ್ದಷ್ಟೇ ಎಲ್ರಿಗೂ ನೆನಪಿರ್ತತಿ, ಆ ಸರ್ ಇವತ್ತಿಗೂ ಎದುರಿಗೆ ಸಿಕ್ರೆ ಗಾಡಿ ನಿಲ್ಸಿ ಮಾತಾಡಿಸ್ತಾರೆ. ವಿದ್ಯಾನಗರದ ಕಡೆ ಅಂತ ಇಟ್ಕಳ್ರಿ. ಊರಾಗೆ ಇಂಥವು ಬೇಕಾದಷ್ಟು ಅದಾವೆ, ಎಲ್ಲಾದ್ರ ಬೋರ್ಡೂ ಒಂದೇ ಥರ, "3 ತಿಂಗಳಲ್ಲಿ ಅಕೌಂಟೆಂಟ್ ಆಗಿ" ಅಂತ ದಪ್ಪ ಅಕ್ಷರ, ಪಕ್ಕದಾಗೆ ಕೋಟು ಟೈ ಹಾಕ್ಕೊಂಡು ನಗೋ ಹುಡುಗನ ಫೋಟೋ. ಮೂರು ವರ್ಷದ ಮೇಲಾತು ಕೆಲ್ಸ ಮಾಡ್ತಾ, ಕೋಟು ಹಾಕ್ಕೊಂಡ ಅಕೌಂಟೆಂಟ್ನ ನಾನಿನ್ನೂ ನೋಡಿಲ್ಲ.

ನಾನು ಸೇರಿದ್ದು 2022ರಾಗೆ. ಫೀಸು 8,500, ಎರಡು ಕಂತು, ದಿನಾ ಒಂದೂವರೆ ತಾಸು, ಟ್ಯಾಲಿ (ಅಂಗಡಿ ಲೆಕ್ಕ ಬರೆಯೋ ಸಾಫ್ಟ್‌ವೇರು), ಜಿಎಸ್‌ಟಿ, ಸ್ವಲ್ಪ ಎಕ್ಸೆಲ್. ಈಗ ಒಂದು ಬೀಜ-ಗೊಬ್ಬರ-ಔಷಧಿ ಅಂಗಡ್ಯಾಗೆ ಅಕೌಂಟೆಂಟ್. ಹಂಗಾಗಿ ಈ ರಿವ್ಯೂ ಕೋರ್ಸ್ ಮುಗಿಸಿದ ವಾರ ಸರ್ಟಿಫಿಕೇಟ್ ಹಿಡ್ಕೊಂಡು ಬರೆಯೋ "ಸೂಪರ್ ಟೀಚಿಂಗ್, ಥ್ಯಾಂಕ್ಯೂ ಸರ್" ಥರದ್ದಲ್ಲ. ಕಲ್ತಿದ್ದನ್ನ ಅಂಗಡ್ಯಾಗೆ ಉಜ್ಜಿ ನೋಡಿ ಬರೀತಿರೋದು.

ಸೇರೋ ಮುಂಚೆ ನನಗಿದ್ದ ಹೆದರಿಕೆ ಒಂದೇ, ಗಣಿತ. ಪಿಯುಸಿ ಸೈನ್ಸ್‌ನಾಗೆ ಮ್ಯಾಥ್ಸ್ 38 ತಗಂಡು ಪಾಸಾದೋಳು ನಾನು, ಆಮೇಲೆ ಬಿಕಾಂಗೆ ಹೋದೆ. ನಮ್ಮೂರಾಗೆ ಮೆಡಿಕಲ್ಲು ಇಂಜಿನಿಯರಿಂಗು ಕಾಲೇಜು ಜಾಸ್ತಿ ನೋಡ್ರಿ, ಕಾಮರ್ಸ್ ತಗಂಡ್ಲು ಅಂದ್ರೆ ನೆಂಟ್ರು "ಪಾಪ" ಅನ್ನೋ ಮುಖ ಮಾಡ್ತಾರೆ, ಮತ್ತೆ ಅವ್ರೇ ಎರಡು ನಿಮಿಷ ಬಿಟ್ಟು "ಹಂಗಾರೆ ಸಿಎ ಮಾಡು" ಅಂತಾರೆ, ಸಿಎ ಅಂದ್ರೆ ಪಕ್ಕದ ಅಂಗಡಿಗೆ ಹೋಗಿ ತರೋದು ಅನ್ನೋ ಹಂಗೆ. ಗಣಿತ ಬರಲ್ಲ ಸರ್ ನಡೀತತಾ ಅಂತ ಕೇಳಿದ್ದಕ್ಕೆ ಸರ್ "ಕೂಡೋದು ಕಳೆಯೋದು ಪರ್ಸೆಂಟೇಜು ಬರ್ತತಾ? ಸಾಕು, ಉಳಿದಿದ್ದು ಕ್ಯಾಲ್ಕುಲೇಟರ್ ನೋಡ್ಕೊಳ್ತತಿ" ಅಂದ್ರು. ಫೀಸ್ ತಗಳಕ್ಕೆ ಹಂಗಂತಾರೆ ಅನ್ಕೊಂಡಿದ್ದೆ. ನಿಜಾನೇ ಹೇಳಿದ್ರು. ಮೂರು ವರ್ಷದಾಗೆ ಒಂದು ದಿನನೂ ಟ್ರಿಗ್ನಾಮೆಟ್ರಿ ಕೇಳಿದೋರಿಲ್ಲ. ತಲೆ ಕೆಡೋದು ಇದು ಎಷ್ಟು ಅನ್ನೋದಕ್ಕಲ್ಲ, ಇದು ಏನು, ಎಲ್ಲಿಗೆ ಸೇರಬೇಕು ಅನ್ನೋದಕ್ಕೆ. ನಮ್ಮೂರಿನ ಮಂಡಕ್ಕಿನೇ ತಗಳ್ರಿ, ಭಟ್ಟಿಯಿಂದ ಬಂದಿದ್ದನ್ನ ಹಂಗೇ ಬಿಡಿಯಾಗಿ ಅಳೆದು ಕೊಟ್ರೆ ಜಿಎಸ್‌ಟಿ ಇಲ್ಲ, ಅದೇ ಮಂಡಕ್ಕಿನ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿ ಮಾರಿದ್ರೆ 5%. ಇದ್ರಾಗೆ ಗಣಿತ ಎಲ್ಲೈತಿ ಹೇಳ್ರಿ?

ಈಗ ಹೊಗಳೋ ಭಾಗ. ಮೊದಲ್ನೇ ವಾರ ಸರ್ ಕಂಪ್ಯೂಟರ್ ಮುಟ್ಟೋಕೇ ಬಿಡ್ಲಿಲ್ಲ. ನಾವೆಲ್ಲ ಗೊಣಗಿದ್ವಿ, ದುಡ್ಡು ಕೊಟ್ಟಿದ್ದು ಟ್ಯಾಲಿಗೆ, ಇವ್ರು ಬೋರ್ಡ್ ಮೇಲೆ ಗೆರೆ ಎಳಿತಾ ಕೂತಾರೆ ಅಂತ. ಎರಡ್ನೇ ದಿನ ಅನ್ಸತ್ತೆ, ಸರ್ ಕೇಳಿದ್ರು: "ಬ್ಯಾಂಕಿಗೆ ಹತ್ತು ಸಾವ್ರ ಕಟ್ಟಿದ್ರಿ, ಮೊಬೈಲಿಗೆ ಏನಂತ ಮೆಸೇಜ್ ಬರ್ತತಿ?" ಎಲ್ರೂ "ಕ್ರೆಡಿಟೆಡ್" ಅಂದ್ವಿ. "ನಿಮ್ಮ ಪುಸ್ತಕದಾಗೆ ಬ್ಯಾಂಕಿನ ಖಾತೆಗೆ ಏನು ಬರೀತೀರಿ?" ಎಲ್ರೂ ಒಂದೇ ದನೀಲಿ "ಕ್ರೆಡಿಟ್". "ತಪ್ಪು" ಅಂದು ಸುಮ್ನೆ ನಿಂತ್ರು. ನಾವು ಬಿಕಾಂ ಮುಗಿಸಿದೋರೇ ಆರು ಜನ ಇದ್ವಿ ಅಲ್ಲಿ, ನಾಚಿಕೆ ಆಗ್ಬೇಕು.

ವಿಷ್ಯ ಏನಂದ್ರೆ ಆ ಮೆಸೇಜು ಬ್ಯಾಂಕಿನ ಪುಸ್ತಕದ್ದು. ನಾವು ಇಟ್ಟ ಹತ್ತು ಸಾವ್ರ ಬ್ಯಾಂಕು ನಮಗೆ ಕೊಡಬೇಕಾದ ಸಾಲ, ಅದಕ್ಕೆ ನಮ್ಮ ಹೆಸ್ರಿಗೆ ಅವ್ರು ಕ್ರೆಡಿಟ್ ಹಾಕ್ತಾರೆ. ನಮ್ಮ ಪುಸ್ತಕದಾಗೆ ಅದೇ ದುಡ್ಡು ನಮಗೆ ಬರಬೇಕಾದ್ದು, ಹಂಗಾಗಿ ಡೆಬಿಟ್. ಒಂದೇ ದುಡ್ಡು, ಎರಡು ಪುಸ್ತಕ, ಎದುರು-ಬದುರು ಕೂತ ಇಬ್ರು ಮೇಜಿನ ಮೇಲಿರೋ 6ನ್ನ ಒಬ್ಬ ಆರು ಅಂತಾನೆ ಒಬ್ಬ ಒಂಬತ್ತು ಅಂತಾನಲ್ಲ ಹಂಗೆ. ಡೆಬಿಟ್ ಅಂದ್ರೆ ಕೆಟ್ಟದ್ದು, ಕ್ರೆಡಿಟ್ ಅಂದ್ರೆ ಒಳ್ಳೇದು ಅಂತ ಎಟಿಎಂ ಮೆಸೇಜ್ ನೋಡಿ ನೋಡಿ ತಲೆಗೆ ಕೂತಿರ್ತತಲ್ಲ, ಅದು ಹೋಗೋವರ್ಗೂ ಟ್ಯಾಲಿ ಕಲ್ತು ಉಪಯೋಗಿಲ್ಲ.

ಆವತ್ತು ರಾತ್ರಿ ಮನ್ಯಾಗೆ ಅಪ್ಪಂಗೆ ಇದನ್ನ ಹೇಳಿದೆ. ಅಪ್ಪ ಎಪಿಎಂಸಿ ಕಡೆ ಒಂದು ದಲಾಲಿ ಅಂಗಡ್ಯಾಗೆ ಇಪ್ಪತ್ತಾರು ವರ್ಷ ಗುಮಾಸ್ತರಾಗಿದ್ದೋರು, ಕೆಂಪು ಬಟ್ಟೆ ರಟ್ಟಿನ ಕಿರ್ದಿ ಪುಸ್ತಕದ ಮನುಷ್ಯ, ದೀಪಾವಳಿಗೆ ಲಕ್ಷ್ಮಿ ಪಕ್ಕದಾಗೆ ಹೊಸ ಪುಸ್ತಕ ಇಟ್ಟು ಪೂಜೆ ಮಾಡದೆ ಒಂದು ಗೆರೆ ಬರೀತಿರಲಿಲ್ಲ. ಅವ್ರು ಕೇಳ್ಸ್ಕೊಂಡು "ಬಂದ ರೊಕ್ಕ ಎಡಕ್ಕೆ ಜಮಾ, ಹೋದ ರೊಕ್ಕ ಬಲಕ್ಕೆ ಖರ್ಚು, ಇದ್ರಾಗೆ ಏನೈತವಾ ಕಷ್ಟ" ಅಂದ್ರು. ನಮ್ಮ ಸರ್ ಪ್ರಕಾರ ಬಂದ ರೊಕ್ಕ ಎಡಕ್ಕೆ ಸರಿ, ಆದ್ರೆ ಅದರ ಹೆಸ್ರು ಡೆಬಿಟ್. ಜಮಾ ಅಂದ್ರೆ ಕ್ರೆಡಿಟ್ ಅಲ್ವಾ? ಇಬ್ರಾಗೆ ಯಾರೋ ಒಬ್ರು ತಪ್ಪು ಅಂತ ಅರ್ಧ ರಾತ್ರಿವರ್ಗೂ ಜಗಳ. ಮಾರ್ನೇ ದಿನ ಸರ್ ಬಿಡಿಸಿ ಹೇಳಿದ್ರು: ನಿಮ್ಮಪ್ಪ ಬರೆಯೋದು ರೊಕ್ಕ ಕೊಟ್ಟ ಗೌಡ್ರ ಹೆಸ್ರಿಗೆ ಜಮಾ ಅಂತ, ನಾನು ಹೇಳೋದು ಅದೇ ರೊಕ್ಕ ಬಂದ ನಗದು ಖಾತೆಗೆ ಡೆಬಿಟ್ ಅಂತ, ಇಬ್ರೂ ಒಂದೇ ವ್ಯವಹಾರದ ಎರಡು ತುದಿ ಹಿಡ್ಕೊಂಡೀವಿ. ಇದಕ್ಕೇ ಎರಡು ಸ್ಟಾರ್ ಕೊಟ್ಟೀನಿ ನಾನು. ಬಿಕಾಂನ ಮೂರು ವರ್ಷದಾಗೆ ನನಗೆ ಇದನ್ನ ಯಾರೂ ಹಿಂಗೆ ಹೇಳಿರಲಿಲ್ಲ, ಡೆಬಿಟ್-ಕ್ರೆಡಿಟ್ಟಿನ ಗೋಲ್ಡನ್ ರೂಲ್ಸ್ ಬಾಯಿಪಾಠ ಮಾಡ್ಸಿದ್ರು ಅಷ್ಟೇ.

ಈಗ ಬೈಯೋದು. 2020ರಾಗೇ ಟ್ಯಾಲಿಯ ಹೊಸ ವರ್ಷನ್ನು ಟ್ಯಾಲಿಪ್ರೈಮ್ ಬಂದಿತ್ತು, ನಮಗೆ 2022ರಾಗೆ ಕಲ್ಸಿದ್ದು ಹಳೇ ವರ್ಷನ್ನು ಇಆರ್‌ಪಿ 9. ವೋಚರ್ ಕೀಗಳು ಹೆಚ್ಚು ಕಡಿಮೆ ಅವೇ, ಎಫ್5 ಪೇಮೆಂಟು ಎಫ್6 ರಿಸಿಪ್ಟು ಎಫ್8 ಸೇಲ್ಸು ಎಫ್9 ಪರ್ಚೇಸು, ಅದಕ್ಕೆ ಬಚಾವಾದೆ, ಆದ್ರೆ ಕೆಲ್ಸಕ್ಕೆ ಸೇರಿದ ಮೊದಲ್ನೇ ದಿನ ಪ್ರೈಮ್ ಸ್ಕ್ರೀನ್ ನೋಡಿ ರಿಪೋರ್ಟ್ ಎಲ್ಲೈತಿ ಅಂತ ಹುಡುಕ್ತಾ ಬೆವತೆ. ಇನ್ನೊಂದು, ಕ್ಲಾಸ್ನಾಗೆ ಇದ್ದಿದ್ದು ಲೈಸೆನ್ಸ್ ಇಲ್ಲದ ಎಜುಕೇಷನ್ ಮೋಡು. ಬಳಸಿದೋರಿಗೆ ಗೊತ್ತಿರ್ತತಿ, ಅದ್ರಾಗೆ ತಿಂಗಳ 1, 2, 31 ಬಿಟ್ರೆ ಬೇರೆ ತಾರೀಕು ತಗಳಲ್ಲ. ಹಂಗಾಗಿ ನಮ್ಮ "ಎಬಿಸಿ ಟ್ರೇಡರ್ಸ್" ಮೂರು ತಿಂಗಳು ಬರೀ ಒಂದ್ನೇ ತಾರೀಕು ಎರಡ್ನೇ ತಾರೀಕು ವ್ಯಾಪಾರ ಮಾಡ್ತು. ನಗು ಬರ್ತತಿ, ಆದ್ರೆ ಇದರ ನಷ್ಟ ದೊಡ್ಡದು, ಯಾಕಂದ್ರೆ ಅಕೌಂಟೆಂಟಿನ ಜೀವನ ಇಡೀ ತಾರೀಕಿನ ಮೇಲೇ ನಡೆಯೋದು. 7ಕ್ಕೆ ಟಿಡಿಎಸ್ (ಬೇರೆಯವ್ರಿಗೆ ಕೊಡೋವಾಗ ಹಿಡಿದಿಟ್ಟ ಟ್ಯಾಕ್ಸು) ಕಟ್ಟಬೇಕು, 11ಕ್ಕೆ ನಾವು ಮಾರಿದ್ದರ ಪಟ್ಟಿ ಜಿಎಸ್‌ಟಿಆರ್-1, 14ಕ್ಕೆ ನಾವು ಕೊಂಡಿದ್ದರ ಪಟ್ಟಿ 2ಬಿ ಬರ್ತತಿ, ಅದ್ರಾಗೆ ನಮಗೆ ಮಾಲು ಕೊಟ್ಟೋರು ಬಿಲ್ ತೋರಿಸ್ಯಾರಾ ಇಲ್ವಾ ಅಂತ ಒಂದೊಂದೇ ನೋಡಬೇಕು, 20ಕ್ಕೆ ಟ್ಯಾಕ್ಸ್ ಕಟ್ಟಿ ತುಂಬೋ ರಿಟರ್ನು 3ಬಿ. ಜಿಎಸ್‌ಟಿ ರಿಟರ್ನ್ ತಪ್ಪಿದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಡ್ಡಿ ಬೇರೆ. "ಅಕೌಂಟೆಂಟ್ಸ್‌ಗೆ ಮಾರ್ಚಿನಾಗೆ ಮಾತ್ರ ಕೆಲ್ಸ, ಉಳಿದ ಹನ್ನೊಂದು ತಿಂಗಳು ಆರಾಮ್" ಅನ್ನೋರನ್ನ ಯಾವ ತಿಂಗಳಾದ್ರೂ ಸರಿ 18ನೇ ತಾರೀಕು ನಮ್ಮಂಗಡಿಗೆ ಕರ್ಕೊಂಡು ಬರ್ರಿ.

"100% ಜಾಬ್ ಅಸಿಸ್ಟೆನ್ಸ್" ಅಂದಿದ್ದು ಎರಡು ಫೋನ್ ನಂಬರ್. ಒಂದು ಸ್ವಿಚ್ ಆಫ್.

ಆದ್ರೆ ಎಲ್ಲಾದ್ಕಿಂತ ದೊಡ್ಡ ತಕರಾರು ಏನಂದ್ರೆ, ಟ್ಯಾಲಿ ಬಂದ್ರೆ ಅಕೌಂಟ್ಸ್ ಬಂದಂಗೆ ಅನ್ನೋ ಭ್ರಮೆ ಹುಟ್ಟಿಸಿ ಕಳಿಸ್ತಾರೆ. ಸರ್ ಬಾಯ್ಲಿ ಹೇಳಲ್ಲ, ಬೋರ್ಡ್ ಹೇಳ್ತತಿ. ಟ್ಯಾಲಿ ಬೆಂಗಳೂರಿನ ಕಂಪನೀದೇ, 1986ರಾಗೆ ಶುರುವಾಗಿದ್ದು, ಅಪ್ಪನ ವ್ಯಾಪಾರದ ಲೆಕ್ಕಕ್ಕೆ ಒಗ್ಗೋ ಸಾಫ್ಟ್‌ವೇರ್ ಸಿಗದೆ ಮಗ ಕೂತು ಬರೆದಿದ್ದು, ನಮ್ಮ ವ್ಯಾಪಾರಸ್ಥರ ಕೈಗೆ ಒಗ್ಗಿದ್ದೂ ಅದಕ್ಕೇ ಇರಬೇಕು. ಆದ್ರೆ ಅದಕ್ಕೆ ಎರಡು ಕಡೆ ಸಮ ಆದ್ರೆ ಸಾಕು. ಸಾಹುಕಾರ್ರ ಮನೆ ಗ್ಯಾಸ್ ಸಿಲಿಂಡರನ್ನ ಅಂಗಡಿ ಖರ್ಚಿಗೆ ಹಾಕಿದ್ರೂ, ಗೊಬ್ಬರದ ಲಾರಿ ಬಾಡಿಗೇನ ಚಹಾ ಖರ್ಚಿಗೆ ಹಾಕಿದ್ರೂ ಟ್ರಯಲ್ ಬ್ಯಾಲೆನ್ಸ್ (ಎಲ್ಲಾ ಖಾತೆಯ ಡೆಬಿಟ್-ಕ್ರೆಡಿಟ್ ಕೂಡಿಸಿ ತೋರಿಸೋ ಪಟ್ಟಿ) ಚಂದಾಗಿ ತಾಳೆ ಆಗಿ ಕೂತಿರ್ತತಿ. ತಾಳೆ ಆತು ಅಂದ್ರೆ ಸರಿ ಐತಿ ಅಂತಲ್ಲ. ಇದನ್ನ ಕ್ಲಾಸ್ನಾಗೆ ಒಂದು ದಿನನಾದ್ರೂ ತಪ್ಪು ಎಂಟ್ರಿ ಹಾಕ್ಸಿ ತೋರಿಸ್ಬೇಕಿತ್ತು.

ಕ್ಲಾಸಿನ ಬಿಲ್ಲೆಲ್ಲ ಪ್ರಿಂಟ್ ತೆಗೆದ ನೀಟ್ ಬಿಲ್ಲು. ಅಂಗಡ್ಯಾಗೆ ಬರೋದು ಮಡಚಿ ಜೇಬಿನಾಗೆ ಇಟ್ಕೊಂಡು ಬೆವರಿಗೆ ಅಳಿಸಿಹೋದ ಚೀಟಿ. ಒಬ್ಬ ರೈತ ಬಂದು ಮೆಕ್ಕೆಜೋಳದ ಬೀಜ, ಎರಡು ಚೀಲ ಯೂರಿಯಾ, ಒಂದು ಕಳೆ ಔಷಧಿ ತಗಂಡ್ರೆ ಒಂದೇ ಬಿಲ್ಲಿನಾಗೆ ಮೂರು ಜಿಎಸ್‌ಟಿ ರೇಟು, ಬೀಜಕ್ಕೆ ಸೊನ್ನೆ, ಗೊಬ್ಬರಕ್ಕೆ 5, ಔಷಧಿಗೆ 18. ಸೂಕ್ಷ್ಮ ಪೋಷಕಾಂಶದ ಪ್ಯಾಕೆಟ್ 12 ಇದ್ದಿದ್ದು 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳೀತು, ಹಿಂದಿನ ರಾತ್ರಿ ಕೂತು ಐಟಂ ಒಂದೊಂದನ್ನೇ ತೆಗೆದು ರೇಟ್ ಬದಲಿಸಿದ್ದು ನಾನೇ. ಮೇಲೆ ಯೂರಿಯಾ 45 ಕೇಜಿ ಚೀಲ 266 ರೂಪಾಯಿ 50 ಪೈಸೆ, ಅದನ್ನ ರೈತನ ಆಧಾರ್ ತಗಂಡು ಪಿಒಎಸ್ ಮಷಿನ್ನಾಗೇ ಮಾರಬೇಕು, ಹಂಗಾಗಿ ಸ್ಟಾಕು ಮೂರು ಕಡೆ: ಮಷಿನ್ನಾಗೆ, ಟ್ಯಾಲಿಯಾಗೆ, ಗೋಡೌನಾಗೆ. ಮೂರೂ ಒಂದೇ ಆಗ್ಬೇಕು. ಮಳೆ ಬಿದ್ದ ಮಾರ್ನೇ ದಿನ ಬೆಳಿಗ್ಗೆ ಬಾಗ್ಲು ತೆಗೆಯೋ ಮುಂಚೆ ಐವತ್ತು ಜನ ನಿಂತಿರ್ತಾರೆ, ಆವತ್ತು ಸಂಜೆ ಮೂರೂ ಒಂದಾದ್ರೆ ನಮ್ಮೂರ ದೇವಿ ದುಗ್ಗಮ್ಮಂಗೆ ಕಾಯಿ ಒಡೆಸ್ಬೇಕು. ಒಂದ್ಸಲ ನಾಲ್ಕು ಚೀಲ ಕಡಿಮೆ ಬಂತು, ಗೋಡೌನಿಗೆ ಹೋಗಿ ಹಮಾಲಿ ಅಣ್ಣನ ಜತೆ ನಿಂತು ಎಣಿಸಿದ್ರೆ ಲಾಟಿನ ಹಿಂದೆ ಒಡೆದ ಚೀಲ ನಾಲ್ಕು ಬದಿಗೆ ಇಟ್ಟಿದ್ರು, ಯಾರಿಗೂ ಹೇಳಿರಲಿಲ್ಲ. ಅಕೌಂಟ್ಸ್ ಅಂದ್ರೆ ಎಸಿ ರೂಮಿನಾಗೆ ಒಬ್ರೇ ಕೂತು ಯಾರ ಜತೆನೂ ಮಾತಾಡದೆ ಮಾಡೋ ಕೆಲ್ಸ ಅನ್ಕೊಂಡು ಬರೋ ನಾಚಿಕೆ ಸ್ವಭಾವದೋರಿಗೆ ಹೇಳ್ತೀನಿ, ನನ್ನ ಅರ್ಧ ದಿನ ಹೋಗೋದು "ಅಣ್ಣಾ ಈ ಐನೂರು ಯಾತ್ರದ್ದು?" ಅಂತ ಕೇಳೋದ್ರಾಗೇ.

ಯುಪಿಐ ಬಂದ ಮೇಲಂತೂ. ಮುಂಚೆ ಬ್ಯಾಂಕ್ ಸ್ಟೇಟ್ಮೆಂಟ್ ತಿಂಗಳಿಗೆ ನಾಲ್ಕು ಪುಟ ಇದ್ದಿದ್ದು ಈಗ ಪುಸ್ತಕ ಆಗೇತಿ. 85 ರೂಪಾಯಿ, 120 ರೂಪಾಯಿ, ಹೆಸ್ರು ಬರೀ ಇಂಗ್ಲಿಷಿನ ಎಂಟು ಅಕ್ಷರಕ್ಕೆ ಕಟ್ಟಾಗಿರ್ತತಿ, ದುಡ್ಡು ಹಾಕಿದೋನು ಮಗ, ಉದ್ರಿ ಇರೋದು ಅಪ್ಪನ ಹೆಸ್ರಾಗೆ, ಊರು ಜಗಳೂರು ಕಡೆ. ಎಐ ಬಂದು ನಿಮ್ಮ ಕೆಲ್ಸ ತಿನ್ಕೊಳ್ತತಿ ಅಂತ ನಮ್ಮ ತಮ್ಮ ದಿನಾ ಹೆದರಿಸ್ತಾನೆ. ಸ್ಟೇಟ್ಮೆಂಟ್ ತಾನೇ ಎಂಟ್ರಿ ಆಗೋ ಸಾಫ್ಟ್‌ವೇರ್ ಈಗ್ಲೇ ಐತಿ, ಬರ್ಲಿ, ಟೈಪ್ ಮಾಡೋ ಕೆಲ್ಸ ಹೋದ್ರೆ ನನಗೆ ಬೆರಳ ನೋವು ಕಡಿಮೆ. 1494ರಾಗೆ ವೆನಿಸ್‌ನಾಗೆ ಅಚ್ಚಾದ ಪುಸ್ತಕದಾಗಿರೋ ಎರಡು ಕಡೆ ಬರೆಯೋ ಪದ್ಧತೀನೇ ಇವತ್ತಿನ ಟ್ಯಾಲಿ ಒಳಗೂ ಇರೋದು ಅಂತ ಸರ್ ಹೇಳ್ತಿದ್ರು. ಅಪ್ಪನ ಅಂಗಡಿಗೆ ಕಂಪ್ಯೂಟರ್ ಬಂದಾಗ್ಲೂ ಗುಮಾಸ್ತರ ಕಾಲ ಮುಗೀತು ಅಂದಿದ್ರಂತೆ. ಅಪ್ಪ ರಿಟೈರ್ ಆದಾಗ ಅಲ್ಲಿ ಗುಮಾಸ್ತರು ಇಬ್ರು ಇದ್ರು, ಮುಂಚೆ ಒಬ್ರೇ. ಜಗಳೂರಿನ ಹುಡುಗ ಹಾಕಿದ 1,200 ಯಾರ ಉದ್ರಿಗೆ ಅನ್ನೋದು ಕಂಪ್ಯೂಟರಿಗೆ ಯಾರು ಹೇಳಬೇಕು?

ಕ್ಲಾಸ್ನಾಗೆ ಕಲ್ತಿದ್ದು ನನ್ನ ಕಾಪಾಡಿದ ಒಂದು ರಾತ್ರಿ ಹೇಳ್ಬೇಕು. ಕೆಲ್ಸಕ್ಕೆ ಸೇರಿ ಎರಡ್ನೇ ತಿಂಗಳು. ಬ್ಯಾಂಕಿಗೂ ನಮ್ಮ ಪುಸ್ತಕಕ್ಕೂ 270 ರೂಪಾಯಿ ವ್ಯತ್ಯಾಸ. ಸಾಹುಕಾರ್ರು "ಬಿಡಮ್ಮಾ, ನನ್ನ ಜೇಬಿಂದ ಹಾಕ್ತೀನಿ" ಅಂದ್ರು, ಹಂಗೆ ಹಾಕಿ ಮುಚ್ಚೋಕೆ ಬರಲ್ಲ, 270ರ ಹಿಂದೆ ಒಂದು ತಪ್ಪು 50,000 ಕೂಡೋದು ಮತ್ತೊಂದು ತಪ್ಪು 49,730 ಕಳೆಯೋದು ಎರಡೂ ಅವಿತಿರಬಹುದು. ರಾತ್ರಿ ಎಂಟೂವರೆ, ಕಣ್ಣು ಉರಿ, ಅಳು ಬರೋದೊಂದೇ ಬಾಕಿ. ಆಗ ಸರ್ ಹೇಳಿದ್ದು ನೆನಪಾತು: ವ್ಯತ್ಯಾಸ 9ರಿಂದ ಭಾಗ ಆದ್ರೆ ಮೊದ್ಲು ಅಂಕಿ ಅದಲು-ಬದಲಾಗಿರೋದನ್ನ ಹುಡುಕು, ಎರಡರಿಂದ ಭಾಗಿಸಿ ಬಂದ ಅರ್ಧದ ಮೊತ್ತದ ಎಂಟ್ರಿ ಇದ್ರೆ ಅದು ಡೆಬಿಟ್ ಬದ್ಲಿ ಕ್ರೆಡಿಟ್ ಬಿದ್ದಿರಬಹುದು. 135ರ ಎಂಟ್ರಿ ಇರಲಿಲ್ಲ. 270ನ್ನ 9ರಿಂದ ಭಾಗಿಸಿದ್ರೆ 30. ಹಂಗಾದ್ರೆ ಅಕ್ಕಪಕ್ಕದ ನೂರು-ಹತ್ತರ ಸ್ಥಾನ ಅಂತ ಮೂರು ವ್ಯತ್ಯಾಸ ಇರೋ ಅಂಕಿ ಹುಡುಕಿದೆ, 14,580 ಬಂದಿದ್ದನ್ನ 14,850 ಅಂತ ಹೊಡೆದಿದ್ದೆ. ಹತ್ತು ನಿಮಿಷದಾಗೆ ಸಿಕ್ತು. ಆವತ್ತು ಮನೆಗೆ ಹೋಗ್ತಾ ಒಬ್ಳೇ ಬೆಣ್ಣೆ ದೋಸೆ ತಿಂದು ಹೋದೆ, ಎರಡು ಸೆಟ್ಟು.

ಕ್ಲಾಸ್ನಾಗೆ ಒಂದು ಅಕ್ಷರನೂ ಹೇಳದೇ ಇದ್ದಿದ್ದು ಅಂದ್ರೆ ಸಾಹುಕಾರ್ರಿಗೆ ಲಾಭ ಅರ್ಥ ಮಾಡ್ಸೋದು. ಮೊದಲ್ನೇ ವರ್ಷದ ಲೆಕ್ಕ ತೋರಿಸ್ದಾಗ ಅವ್ರು ಕನ್ನಡಕ ತೆಗೆದಿಟ್ಟು ಕೇಳಿದ್ರು, "ಏನಮ್ಮಾ, ಆರು ಲಕ್ಷ ಲಾಭ ಅಂತೀಯ, ಗಲ್ಲಾದಾಗೆ ನೋಡಿದ್ರೆ ಹನ್ನೊಂದು ಸಾವ್ರ ಐತಿ, ಉಳಿದಿದ್ದು ಯಾರು ತಿಂದ್ರು?" ಅನುಮಾನ ನನ್ನ ಮೇಲೇ ಇದ್ದಂಗಿತ್ತು ಆ ದನಿ. ಯಾರೂ ತಿಂದಿರಲಿಲ್ಲ, ಅರ್ಧ ರೈತರ ಉದ್ರಿಯಾಗಿತ್ತು, ಅವ್ರ ಜೋಳ ಮಾರಾಟ ಆಗಿ ರೊಕ್ಕ ಕೈಗೆ ಬಂದ ಮೇಲೇ ವಸೂಲಿ, ಇನ್ನರ್ಧ ಗೋಡೌನಾಗೆ ಚೀಲ ಆಗಿ ಕೂತಿತ್ತು. ಲಾಭ ಬೇರೆ, ಕೈಯಾಗಿನ ರೊಕ್ಕ ಬೇರೆ ಅಂತ ಉದ್ರಿ ಪಟ್ಟಿ ಪ್ರಿಂಟ್ ತೆಗೆದು ಹಳ್ಳಿವಾರು ಜೋಡಿಸಿ ಕೊಟ್ಟ ಮೇಲೆ ಸುಮ್ನಾದ್ರು. ಆ ಪಟ್ಟಿ ಈಗ ಅವ್ರ ಮೇಜಿನ ಗಾಜಿನ ಕೆಳಗೆ ಇರ್ತತಿ, ಪ್ರತಿ ಸೋಮವಾರ ಹೊಸದು ಬೇಕು ಅವ್ರಿಗೆ.

ಇನ್ನೊಂದು ನಂಬಿಕೆ, ಅಕೌಂಟೆಂಟ್ ಅಂದ್ರೆ ಟ್ಯಾಕ್ಸ್ ಮುಚ್ಚಿಡೋ ಮಂತ್ರವಾದಿ ಅಂತ. "ಏನಾದ್ರೂ ಅಡ್ಜಸ್ಟ್ ಮಾಡವಾ" ಅಂತ ಮದುವೆ ಮನ್ಯಾಗೂ ಕೇಳ್ತಾರೆ. ಮಾಲು ಬರದೆ ಬಿಲ್ ಮಾತ್ರ ತಗಳೋದು ಅಡ್ಜಸ್ಟ್ ಅಲ್ಲ ಕಳ್ಳತನ, ಸಿಕ್ಕಿಬಿದ್ರೆ ಬಿಲ್ ಬರ್ಸಿದೋರ ಜತೆ ಬರ್ದೋರೂ ಓಡಾಡಬೇಕು. ನಿಜವಾಗಿ ಟ್ಯಾಕ್ಸ್ ಉಳಿಯೋದು ಸಣ್ಣ ಸಣ್ಣ ಶಿಸ್ತಿನಾಗೆ. ಒಬ್ರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಟ್ರೆ ಅದನ್ನ ಖರ್ಚು ಅಂತ ಒಪ್ಪಲ್ಲ, ಲಾರಿ ಬಾಡಿಗೆಗಾದ್ರೆ 35,000ದವರ್ಗೂ ನಡೀತತಿ. ಇದು ಗೊತ್ತಿಲ್ದೆ ಎಷ್ಟು ಅಂಗಡಿಯೋರು ಸುಮ್ನೆ ಟ್ಯಾಕ್ಸ್ ಕಟ್ತಾರೆ ನೋಡ್ರಿ.

ಸಿಎ ವಿಷ್ಯಕ್ಕೆ ಜಾಸ್ತಿ ಹೋಗಲ್ಲ, ನಾನು ಮಾಡಿಲ್ಲ. ನಮ್ಮ ಕಡೆ ರಿಟರ್ನ್ ತುಂಬೋರನ್ನೆಲ್ಲ "ಆಡಿಟ್ರು" ಅಂತೀವಿ, ಟ್ಯಾಕ್ಸ್ ಆಡಿಟ್‌ಗೆ ಸಹಿ ಹಾಕೋ ಅಧಿಕಾರ ಇರೋದು ಸಿಎಗೆ ಮಾತ್ರ. ಫೌಂಡೇಷನ್, ಇಂಟರ್, ಫೈನಲ್ಲು, ಒಂದೊಂದು ಪೇಪರಿನಾಗೂ 40, ಒಟ್ಟಾರೆ 50% ಬರಬೇಕು, ನಡುವೆ ಎರಡು ವರ್ಷ ಆರ್ಟಿಕಲ್‌ಶಿಪ್ (ಸಿಎ ಕೈಕೆಳಗೆ ಕೆಲ್ಸದ ತರಬೇತಿ), ಮುಂಚೆ ಮೂರಿತ್ತು. ಸೈನ್ಸ್ ಓದಿದೋರೂ ಬರೀಬಹುದು. ಆದ್ರೆ ಸಿಎ ಆಗದಿದ್ರೆ ಅಕೌಂಟ್ಸ್ ಓದಿದ್ದೇ ದಂಡ ಅನ್ನೋದು ಸುಳ್ಳು. ನಾನು 9,000ಕ್ಕೆ ಸೇರಿದೋಳು, ಈಗ 19,500. ಬೆಂಗಳೂರಿನ ಲೆಕ್ಕಕ್ಕೆ ಏನೂ ಅಲ್ಲ, ಮನೆ ಊಟ ಮಾಡ್ಕೊಂಡು ಸ್ಕೂಟಿಯಾಗೆ ಹತ್ತು ನಿಮಿಷಕ್ಕೆ ಕೆಲ್ಸಕ್ಕೆ ಹೋಗೋಳಿಗೆ ಅಡ್ಡಿಯಿಲ್ಲ. ದುಡ್ಡಿನ ಮಳೆ ಬರ್ತತಿ ಅಂತ ಮಾತ್ರ ಸೇರಬೇಡ್ರಿ.

ಸೇರೋರಿಗೆ: ಡೆಮೊ ಕ್ಲಾಸಿಗೆ ಹೋದಾಗ ಟ್ಯಾಲಿ ಯಾವ್ದು, ಲೈಸೆನ್ಸ್ ಐತಾ, 5ನೇ ತಾರೀಕಿಗೆ ಎಂಟ್ರಿ ಹಾಕಿ ತೋರಿಸ್ರಿ ಅಂತ ಕೇಳ್ರಿ. ನಿಜವಾದ ಅಂಗಡಿಯ ಒಂದು ತಿಂಗಳ ಬಿಲ್ಲು ಕೊಡ್ತಾರಾ ಕೇಳ್ರಿ. ಬ್ಯಾಂಕ್ ಸ್ಟೇಟ್ಮೆಂಟ್ ತಾಳೆ ಮಾಡೋದು ಎಷ್ಟು ದಿನ ಹೇಳ್ತಾರೆ ಕೇಳ್ರಿ, ನಮಗೆ ಎರಡೇ ದಿನ ಹೇಳಿದ್ರು, ಹತ್ತು ದಿನ ಬೇಕು. ಫೀಸ್‌ನಾಗೆ ಚೌಕಾಸಿ ನಡೀತತಿ, ನಾನು ಸಾವಿರ ಇಳಿಸಿದ್ದು ಆಮೇಲೆ ಗೊತ್ತಾತು ಪಕ್ಕದ ಹುಡುಗ ಸಾವಿರದ ಐನೂರು ಇಳಿಸಿದ್ದ.

ಈಗ ನಮ್ಮ ಅಕ್ಕನ ಮಗಳು ಅಲ್ಲೇ ಸೇರ್ಯಾಳೆ, ಬೆಳಿಗ್ಗೆ ಏಳರ ಬ್ಯಾಚು, ನಾನೇ ಫೀಸ್ ಕಟ್ಟಿ ಬಂದೆ. ಈಗ ಪ್ರೈಮ್ ಹಾಕ್ಸ್ಯಾರೆ, ಸರ್ ಅವ್ರೇ, ಮೊದಲ್ನೇ ವಾರ ಈಗ್ಲೂ ಬೋರ್ಡೇ. ನಿನ್ನೆ ಬಂದು "ಚಿಕ್ಕಮ್ಮಾ, ಬ್ಯಾಂಕಿನೋರು ಕ್ರೆಡಿಟ್ ಅಂದ್ರೆ ನಾವ್ಯಾಕೆ ಡೆಬಿಟ್ ಅನ್ಬೇಕು" ಅಂತ ಕೇಳಿದ್ಲು. ಅಪ್ಪ ಟಿವಿ ಸೌಂಡ್ ಕಡಿಮೆ ಮಾಡಿ ಈ ಕಡೆ ತಿರುಗಿ ಕೂತ್ರು.